ಹಳೆಯ ಪದ್ಧತಿಯ ರಿಯೋಹ ರೆಡ್ ವೈನ್: ಕ್ರಿಯಾನ್ಸಾ, ರೆಸೆರ್ವಾ, ಗ್ರಾನ್ ರೆಸೆರ್ವಾಗಳಲ್ಲಿ ಯಾವುದನ್ನು ಆರಿಸಬೇಕು?

ಸ್ಪೇನಿನ ಉತ್ತರ ಭಾಗದಲ್ಲಿ ಎಬ್ರೊ ನದಿಯ ಎರಡೂ ದಡಗಳಲ್ಲಿ ಹಬ್ಬಿರುವ ರಿಯೋಹ ಪ್ರದೇಶದ ರೆಡ್ ವೈನಿಗೆ ಒಂದು ವಿಶೇಷವಿದೆ: ಅದು ಅಂಗಡಿಗೆ ಬರುವ ಹೊತ್ತಿಗಾಗಲೇ ಮಾಗಿರುತ್ತದೆ. ಫ್ರಾನ್ಸಿನ ಬೋರ್ಡೊ ಪ್ರದೇಶದ ಒಳ್ಳೆಯ ವೈನನ್ನು ಕೊಂಡವರು ಅದನ್ನು ತಮ್ಮ ನೆಲಮಾಳಿಗೆಯಲ್ಲಿಟ್ಟು ಹತ್ತು ವರ್ಷ ಕಾಯುವುದು ರೂಢಿಯಾದರೆ, ರಿಯೋಹದ ಹಳೆಯ ವೈನ್ ಮನೆಗಳು, ಅಂದರೆ ವೈನ್ ತಯಾರಿಸುವ ಸಂಸ್ಥೆಗಳು, ಆ ಕಾಯುವಿಕೆಯನ್ನು ತಾವೇ ವಹಿಸಿಕೊಂಡು, ಮೊದಲು ಓಕ್ ಪೀಪಾಯಿಯಲ್ಲಿಯೂ ಅನಂತರ ಬಾಟಲಿಯಲ್ಲಿಯೂ ವರ್ಷಗಟ್ಟಲೆ ಇಟ್ಟು, ಕುಡಿಯಲು ತಕ್ಕ ಸ್ಥಿತಿಗೆ ಬಂದ ಮೇಲೆಯೇ ಮಾರುತ್ತವೆ. ತಂಪಾದ ನೆಲಮಾಳಿಗೆಯಿಲ್ಲದ, ಏಪ್ರಿಲ್ ತಿಂಗಳಲ್ಲಿ ಅಡುಗೆಮನೆಯ ಕಪಾಟು ಮೂವತ್ತು ಡಿಗ್ರಿ ದಾಟುವ ನಮ್ಮ ಮನೆಗಳವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರಿಲ್ಲ.

ತೊಡಕು ಇರುವುದು ಆಯ್ಕೆಯಲ್ಲಿ. ಒಂದೇ ಪ್ರದೇಶದ, ಬಹುಮಟ್ಟಿಗೆ ಒಂದೇ ತಳಿಯ ದ್ರಾಕ್ಷಿಯ ವೈನುಗಳು ಮಾಗಿದ ಕಾಲದ ಏರುಕ್ರಮದಲ್ಲಿ ಕ್ರಿಯಾನ್ಸಾ, ರೆಸೆರ್ವಾ, ಗ್ರಾನ್ ರೆಸೆರ್ವಾ ಎಂಬ ಮೂರು ದರ್ಜೆಗಳಲ್ಲಿ, ಹತ್ತಾರು ಪಟ್ಟು ಅಂತರದ ಬೆಲೆಗಳಲ್ಲಿ ಸಾಲಾಗಿ ನಿಂತಿರುತ್ತವೆ. ಹೆಚ್ಚು ವರ್ಷ ಮಾಗಿದ್ದೇ ಹೆಚ್ಚು ಒಳ್ಳೆಯದೆಂದು ಭಾವಿಸಿ, ಕೈಗೆಟುಕುವ ಬೆಲೆಯ ಗ್ರಾನ್ ರೆಸೆರ್ವಾವನ್ನು ಎತ್ತಿಕೊಳ್ಳುವವರೇ ಅಧಿಕ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಹಣೆಪಟ್ಟಿಯ ಮೇಲಿನ ದರ್ಜೆಗಿಂತ ಅದನ್ನು ಮಾಡಿದ ಮನೆಯ ಪದ್ಧತಿಯನ್ನು ನೋಡಿ ಆರಿಸಬೇಕು. ಹಾಗೆ ಆರಿಸುವವರು ಮೊದಲ ಸಲಕ್ಕೆ ಗ್ರಾನ್ ರೆಸೆರ್ವಾವನ್ನಲ್ಲ, ಹಳೆಯ ಪದ್ಧತಿಯ ಮನೆಯೊಂದರ ರೆಸೆರ್ವಾವನ್ನು ಕೊಳ್ಳುವುದು ಲೇಸು.

ದರ್ಜೆಗಳ ಲೆಕ್ಕ

ರಿಯೋಹದ ನಿಯಮಗಳು ಕಾಲವನ್ನು ಮಾತ್ರ ಅಳೆಯುತ್ತವೆ. ಕ್ರಿಯಾನ್ಸಾ ಎಂದು ಬರೆಯಬೇಕಾದರೆ ಕೆಂಪು ವೈನು ಒಟ್ಟು ಎರಡು ವರ್ಷ ಮಾಗಿರಬೇಕು, ಅದರಲ್ಲಿ ಒಂದು ವರ್ಷವಾದರೂ ಪೀಪಾಯಿಯಲ್ಲಿರಬೇಕು. ರೆಸೆರ್ವಾಕ್ಕೆ ಒಟ್ಟು ಮೂರು ವರ್ಷ. ಪೀಪಾಯಿಯಲ್ಲಿ ಕನಿಷ್ಠ ಒಂದು ವರ್ಷ, ಬಾಟಲಿಯಲ್ಲಿ ಕನಿಷ್ಠ ಆರು ತಿಂಗಳು. ಗ್ರಾನ್ ರೆಸೆರ್ವಾಕ್ಕೆ ಒಟ್ಟು ಐದು ವರ್ಷ. ಪೀಪಾಯಿಯಲ್ಲಿ ಎರಡು, ಬಾಟಲಿಯಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲ. ಪೀಪಾಯಿಯ ಅಳತೆಯೂ ಗೊತ್ತುಪಡಿಸಿದ್ದೇ: 225 ಲೀಟರ್. ಬಾಟಲಿಯ ಹಿಂಬದಿಗೆ ಅಂಟಿಸಿರುವ ರಿಯೋಹದ ವೈನ್ ನಿಯಂತ್ರಣ ಮಂಡಳಿಯ ಸಣ್ಣ ಚೀಟಿಯ ಬಣ್ಣದಿಂದಲೇ ದರ್ಜೆಯನ್ನು ಗುರುತಿಸಬಹುದು: ಕ್ರಿಯಾನ್ಸಾಕ್ಕೆ ಕೆಂಪು, ರೆಸೆರ್ವಾಕ್ಕೆ ಕಡುಗೆಂಪು, ಗ್ರಾನ್ ರೆಸೆರ್ವಾಕ್ಕೆ ನೀಲಿ, ಇವೊಂದೂ ಅಲ್ಲದ್ದಕ್ಕೆ ಹಸಿರು. ಸ್ಪೇನಿನ ಉಳಿದ ಕೆಲವು ಪ್ರದೇಶಗಳಲ್ಲಿ ಇದೇ ಹೆಸರುಗಳಿಗೆ ಪೀಪಾಯಿಯ ಅವಧಿ ಇನ್ನೂ ಕಡಿಮೆ ಸಾಕು. ದೇಶದ ಸಾಮಾನ್ಯ ಕಾನೂನಿನಂತೆ ಕ್ರಿಯಾನ್ಸಾಕ್ಕೆ ಆರು ತಿಂಗಳು, ಗ್ರಾನ್ ರೆಸೆರ್ವಾಕ್ಕೆ ಹದಿನೆಂಟು ತಿಂಗಳು ಓಕ್ ಮರದ ಸಹವಾಸವಾದರೆ ಆಯಿತು.

ಈ ಲೆಕ್ಕದಲ್ಲಿ ಕೊಳ್ಳುವವರಿಗೆ ಬೇಕಾದ ಬಹುಪಾಲು ವಿಷಯ ಕಾಣುವುದೇ ಇಲ್ಲ. ಪೀಪಾಯಿ ಹೊಸದೋ ಮೂವತ್ತು ವರ್ಷ ಹಳೆಯದೋ, ಮರ ಅಮೆರಿಕದ್ದೋ ಫ್ರಾನ್ಸಿನದ್ದೋ, ದ್ರಾಕ್ಷಿ ಸ್ವಂತ ತೋಟದ್ದೋ ಕೊಂಡುತಂದದ್ದೋ ಎಂಬ ಯಾವುದನ್ನೂ ದರ್ಜೆ ಹೇಳುವುದಿಲ್ಲ. ಅದು ನಿಗದಿಪಡಿಸುವುದು ಕನಿಷ್ಠ ಅವಧಿಯನ್ನು ಮಾತ್ರ, ಗರಿಷ್ಠ ಮಿತಿ ಯಾವುದೂ ಇಲ್ಲ. ಆದ್ದರಿಂದಲೇ ವಿಚಿತ್ರವಾದ ಏರುಪೇರುಗಳು ಕಾಣುತ್ತವೆ. ಲೋಪೆಸ್ ದೆ ಎರೆದಿಯಾ ಮನೆಯ ವಿನ್ಯಾ ಕುಬಿಯೊ ಎಂಬುದು ಹಣೆಪಟ್ಟಿಯ ಮಟ್ಟಿಗೆ ಬರಿಯ ಕ್ರಿಯಾನ್ಸಾ; ಆದರೆ ಅದು ಪೀಪಾಯಿಯಲ್ಲಿ ಕಳೆಯುವುದು ಸುಮಾರು ಮೂರು ವರ್ಷ, ಅಂದರೆ ಕಾನೂನು ಗ್ರಾನ್ ರೆಸೆರ್ವಾದಿಂದ ಬಯಸುವುದಕ್ಕಿಂತಲೂ ಒಂದು ವರ್ಷ ಹೆಚ್ಚು. ಲಾ ರಿಯೋಹ ಆಲ್ತಾ ಮನೆಯ ವಿನ್ಯಾ ಅರ್ದಾನ್ಸಾ ರೆಸೆರ್ವಾದ ಕಥೆಯೂ ಹೀಗೆಯೇ. ಇನ್ನೊಂದೆಡೆ, ಸೂಪರ್‌ಮಾರ್ಕೆಟ್ಟಿನಲ್ಲಿ ಈ ರೆಸೆರ್ವಾಗಳ ಅರ್ಧ ಬೆಲೆಗೂ ಸಿಗುವ ಗ್ರಾನ್ ರೆಸೆರ್ವಾಗಳು ಕಾನೂನಿನ ಐದು ವರ್ಷಗಳನ್ನು ತಪ್ಪದೆ ಪೂರೈಸಿರುತ್ತವೆ, ಆದರೆ ಅಷ್ಟು ಕಾಲ ಮಾಗುವುದಕ್ಕೆ ಬೇಕಾದ ಹಣ್ಣಿನ ಸತ್ತ್ವ ಮೊದಲೇ ಇಲ್ಲದಿದ್ದರೆ ಕೊನೆಗೆ ಉಳಿಯುವುದು ಒಣಗಿದ ಮರದ ರುಚಿ ಮಾತ್ರ.

ಹಳೆಯ ಪದ್ಧತಿ ಎಂದರೇನು

ರಿಯೋಹದಲ್ಲಿ ಪೀಪಾಯಿಯ ಪದ್ಧತಿ ಬೇರೂರಿದ್ದು 19ನೆಯ ಶತಮಾನದ ನಡುವಿನಲ್ಲಿ, ಬೋರ್ಡೊದಿಂದ ಕಲಿತು ಬಂದವರ ಮೂಲಕ. ಮಾರ್ಕೆಸ್ ದೆ ಮುರಿಯೆತಾ ಮನೆ 1852ರಿಂದಲೂ, ಮಾರ್ಕೆಸ್ ದೆ ರಿಸ್ಕಾಲ್ ಮನೆ 1858ರಿಂದಲೂ ತಮ್ಮ ಇತಿಹಾಸವನ್ನು ಎಣಿಸುತ್ತವೆ. ಫಿಲಾಕ್ಸೆರಾ ಎಂಬ ಬೇರಿನ ರಸ ಹೀರುವ ಕೀಟ ಫ್ರಾನ್ಸಿನ ತೋಟಗಳನ್ನು ಹಾಳುಮಾಡತೊಡಗಿದಾಗ ಅಲ್ಲಿನ ವರ್ತಕರು ವೈನನ್ನು ಹುಡುಕಿಕೊಂಡು ಪಿರನೀಸ್ ಬೆಟ್ಟಗಳನ್ನು ದಾಟಿ ಬಂದರು. ಆಗಷ್ಟೇ ರೈಲು ಬಂದಿದ್ದ ಆರೋ ಎಂಬ ಸಣ್ಣ ಪಟ್ಟಣದ ನಿಲ್ದಾಣದ ಸುತ್ತ ಸಾಲುಸಾಲಾಗಿ ವೈನ್ ಮನೆಗಳು ಎದ್ದವು. ಲೋಪೆಸ್ ದೆ ಎರೆದಿಯಾ 1877ರಲ್ಲಿ, ಕೂನೆ 1879ರಲ್ಲಿ, ಲಾ ರಿಯೋಹ ಆಲ್ತಾ 1890ರಲ್ಲಿ ಆರಂಭವಾದವು. 1932ರಲ್ಲಿ ಹುಟ್ಟಿದ ಮುಗಾ ಮನೆಯೂ ಅನಂತರ ಇದೇ ನಿಲ್ದಾಣದ ಬಡಾವಣೆಗೆ ಬಂದು ನೆಲಸಿತು. ಇಂದಿಗೂ ಇವುಗಳ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು.

ಬೋರ್ಡೊದ ವಿಧಾನ ಬಂದರೂ ಫ್ರೆಂಚ್ ಮರ ನಿಲ್ಲಲಿಲ್ಲ. ಅಟ್ಲಾಂಟಿಕ್ ಸಾಗರದಾಚೆಯ ವ್ಯಾಪಾರದಿಂದ ಅಗ್ಗವಾಗಿ ಸಿಗುತ್ತಿದ್ದ ಅಮೆರಿಕದ ಬಿಳಿ ಓಕ್ ಆ ಜಾಗವನ್ನು ಹಿಡಿದುಕೊಂಡಿತು, ಮತ್ತು ಸಾಂಪ್ರದಾಯಿಕ ರಿಯೋಹದ ಗುರುತಾದ ಸುವಾಸನೆ ಬಹುಮಟ್ಟಿಗೆ ಈ ಮರದಿಂದಲೇ ಬಂದದ್ದು. ಅಮೆರಿಕದ ಓಕಿನಲ್ಲಿ ಲ್ಯಾಕ್ಟೋನ್ ಎಂಬ ವಸ್ತು ಹೇರಳವಾಗಿರುವುದರಿಂದ ವೈನಿಗೆ ಒಣಕೊಬ್ಬರಿಯ ವಾಸನೆ ಬರುತ್ತದೆ. ಜೊತೆಗೆ ವೆನಿಲಾ, ಲವಂಗ, ಕೆಲವೊಮ್ಮೆ ಸಬ್ಬಸಿಗೆ ಸೊಪ್ಪಿನ ಹಸಿರು ಘಮ. ಈ ಸಬ್ಬಸಿಗೆಯ ವಾಸನೆಯನ್ನು ವಿವರಿಸಲು ಇಂಗ್ಲಿಷ್ ಬರಹಗಾರರು ಉಪ್ಪಿನಕಾಯಿಯ ಜಾಡಿಯವರೆಗೆ ಹೋಗಬೇಕಾಗುತ್ತದೆ. ಅಕ್ಕಿರೊಟ್ಟಿಗೆ ಸಬ್ಬಸಿಗೆ ಹೆಚ್ಚಿ ಹಾಕುವ ಮನೆಯವರಿಗೆ ಅದು ಮೊದಲ ಉಸಿರಿಗೇ ತಿಳಿಯುತ್ತದೆ.

ಮರಕ್ಕಿಂತಲೂ ಮುಖ್ಯವಾದುದು ಗಾಳಿ. ಆರು ತಿಂಗಳಿಗೊಮ್ಮೆ ವೈನನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಬಗ್ಗಿಸಿ, ತಳದ ಗಸಿಯನ್ನು ಬಿಟ್ಟು ತಿಳಿಯನ್ನು ಮಾತ್ರ ತೆಗೆದುಕೊಳ್ಳುವ ಕೆಲಸವನ್ನು ಈ ಮನೆಗಳು ಇಂದಿಗೂ ಕೈಯಿಂದಲೇ ಮಾಡಿಸುತ್ತವೆ. ಹೀಗೆ ಪ್ರತಿಸಲವೂ ಸ್ವಲ್ಪ ಗಾಳಿ ತಾಕಿ, ಮರದ ರಂಧ್ರಗಳ ಮೂಲಕವೂ ಸದಾ ಅಷ್ಟಿಷ್ಟು ಆಮ್ಲಜನಕ ನುಸುಳಿ, ವರ್ಷಗಳು ಕಳೆದಂತೆ ಕಪ್ಪುಗೆಂಪಿನ ಬಣ್ಣ ಇಟ್ಟಿಗೆಯ ಕಡೆಗೆ ತಿರುಗುತ್ತದೆ, ಒಗರು ಸವೆಯುತ್ತದೆ, ಹಸಿ ಹಣ್ಣಿನ ವಾಸನೆ ಹೋಗಿ ಒಣಹಣ್ಣು, ತಂಬಾಕಿನ ಎಲೆ, ಹದಮಾಡಿದ ಚರ್ಮ, ಮಳೆ ಬಿದ್ದ ತರಗೆಲೆ ಇವುಗಳ ವಾಸನೆ ಮೂಡುತ್ತದೆ. ಇದಕ್ಕೆ ಪ್ರತಿಯಾಗಿ, ಬೋರ್ಡೊದ ಪಂಡಿತ ಎಮಿಲ್ ಪೆಯ್ನೊ ಅವರ ಸಲಹೆಯೊಂದಿಗೆ 1970ರಲ್ಲಿ ಆರಂಭವಾದ ಮಾರ್ಕೆಸ್ ದೆ ಕಾಸೆರೆಸ್ ಮನೆಯಿಂದ ಮೊದಲ್ಗೊಂಡು ಬೆಳೆದ ಹೊಸ ಪದ್ಧತಿ ಫ್ರೆಂಚ್ ಓಕನ್ನೂ ಕಡಿಮೆ ಅವಧಿಯನ್ನೂ ಗಾಢವಾದ ಹಣ್ಣನ್ನೂ ಮೆಚ್ಚುತ್ತದೆ. ಅದು ಕೀಳೆಂದು ನಾನು ಹೇಳುವುದಿಲ್ಲ. ಆದರೆ ಹಳೆಯ ರಿಯೋಹವನ್ನು ಅರಿಯಬೇಕೆಂದು ಹೊರಟವರಿಗೆ ಅದು ಬೇರೆಯೇ ವಿಷಯ.

ಸಸ್ಯಾಹಾರಿ ಓದುಗರು ಒಂದನ್ನು ಗಮನಿಸಬೇಕು. ಈ ಹಳೆಯ ಮನೆಗಳಲ್ಲಿ ಹಲವು, ಅವುಗಳಲ್ಲಿ ಮುಗಾ ಮತ್ತು ಲೋಪೆಸ್ ದೆ ಎರೆದಿಯಾ ಸಹ, ವೈನನ್ನು ತಿಳಿಯಾಗಿಸಲು ಪೀಪಾಯಿಗೆ ಮೊಟ್ಟೆಯ ಬಿಳಿಯನ್ನು ಹಾಕುತ್ತವೆ. ಅದು ಗಸಿಯೊಂದಿಗೆ ತಳಕ್ಕಿಳಿದು ಹೊರಹೋಗುವುದಾದರೂ, ಕಟ್ಟುನಿಟ್ಟಾಗಿ ನಡೆದುಕೊಳ್ಳುವವರು ವೀಗನ್ ಗುರುತಿರುವ ಬೇರೆ ವೈನನ್ನು ಹುಡುಕುವುದು ಸರಿ.

ತೊಂದೊನಿಯಾವೋ ಅರ್ದಾನ್ಸಾವೋ?

ಹಳೆಯ ಪದ್ಧತಿಯ ರೆಸೆರ್ವಾ ಎಂದಾಗ ಹೆಚ್ಚಿನವರ ಬಾಯಲ್ಲಿ ಬರುವ ಎರಡು ಹೆಸರುಗಳು ಲೋಪೆಸ್ ದೆ ಎರೆದಿಯಾದ ವಿನ್ಯಾ ತೊಂದೊನಿಯಾ ಮತ್ತು ಲಾ ರಿಯೋಹ ಆಲ್ತಾದ ವಿನ್ಯಾ ಅರ್ದಾನ್ಸಾ. ನಿಲ್ದಾಣದ ಒಂದೇ ಬಡಾವಣೆಯ ನೆರೆಹೊರೆಯವರಾದರೂ ಇವುಗಳ ಸ್ವಭಾವ ಬೇರೆಬೇರೆ. ಇವುಗಳ ನಡುವಿನ ಆಯ್ಕೆಯನ್ನೇ ನಾನು ನಿಜವಾದ ಆಯ್ಕೆಯೆಂದು ತಿಳಿಯುತ್ತೇನೆ.

ತೊಂದೊನಿಯಾ ಎಂಬುದು ಎಬ್ರೊ ನದಿಯ ತಿರುವಿನಲ್ಲಿ 1913-14ರಲ್ಲಿ ನೆಡಲಾದ, ಸುಮಾರು ನೂರು ಹೆಕ್ಟೇರಿನ ತೋಟದ ಹೆಸರು. ತೆಂಪ್ರನಿಯೊ ದ್ರಾಕ್ಷಿ ಮುಕ್ಕಾಲು ಪಾಲು. ಉಳಿದದ್ದು ಗಾರ್ನಾಚಾ, ಗ್ರಾಸಿಯಾನೊ, ಮಸುವೆಲೊ. ರೆಸೆರ್ವಾ ಆರು ವರ್ಷ ಪೀಪಾಯಿಯಲ್ಲಿದ್ದು, ಮತ್ತೆ ಕೆಲವು ವರ್ಷ ಬಾಟಲಿಯಲ್ಲಿ ಮಲಗಿ, ಕೊಯ್ಲಾಗಿ ಹತ್ತು ವರ್ಷ ಕಳೆದ ಮೇಲೆ ಅಂಗಡಿಗೆ ಬರುತ್ತದೆ. ಪೀಪಾಯಿಗಳನ್ನು ಮನೆಯ ಕುಶಲಕರ್ಮಿಗಳೇ ತಯಾರಿಸುತ್ತಾರೆ ಮತ್ತು ಅವನ್ನು ದಶಕಗಟ್ಟಲೆ ಬಳಸುತ್ತಾರೆ. ಆದ್ದರಿಂದ ಆರು ವರ್ಷ ಎಂದು ಕೇಳಿ ಮರದ ವಾಸನೆ ಮೂಗಿಗೆ ಬಡಿಯುವುದೆಂದು ನಿರೀಕ್ಷಿಸಿದವರಿಗೆ ಅಚ್ಚರಿಯಾಗುತ್ತದೆ. ಹಳೆಯ ಮರ ವಾಸನೆ ಕೊಡುವುದನ್ನು ಎಂದೋ ನಿಲ್ಲಿಸಿರುತ್ತದೆ, ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ಲೋಟದಲ್ಲಿ ಕಾಣುವ ಬಣ್ಣ ತೆಳು. ಒಣಗಿದ ಚೆರ್ರಿ, ಕಿತ್ತಳೆಯ ಸಿಪ್ಪೆ, ಒಣಗುಲಾಬಿ, ಹಳೆಯ ಮರದ ಪೆಟ್ಟಿಗೆಯನ್ನು ತೆರೆದಾಗಿನ ವಾಸನೆ, ಇವೆಲ್ಲದರ ಕೆಳಗೆ ಚುರುಕಾದ ಹುಳಿ. ಈ ಹುಳಿಯೇ ತೊಂದೊನಿಯಾದ ಬೆನ್ನೆಲುಬು. ಹುಳಿ ಒಗ್ಗದವರಿಗೆ ಈ ವೈನು ಒಗ್ಗುವುದಿಲ್ಲ. ಇದೇ ಮನೆಯ ವಿನ್ಯಾ ಬೊಸ್ಕೊನಿಯಾ ಇನ್ನೊಂದು ತೋಟದ್ದು, ಇಳಿಭುಜದ ಬರ್ಗಂಡಿ ಆಕಾರದ ಬಾಟಲಿಯಲ್ಲಿ ಬರುತ್ತದೆ, ತುಸು ಹೆಚ್ಚು ಮೈತುಂಬಿಕೊಂಡಿರುತ್ತದೆ ಮತ್ತು ಸಾಮಾನ್ಯವಾಗಿ ಬೆಲೆಯೂ ತುಸು ಕಡಿಮೆ.

ಅರ್ದಾನ್ಸಾ ಬೇರೆ ದಾರಿ ಹಿಡಿದಿದೆ. ಇಲ್ಲಿ ಸುಮಾರು ನಾಲ್ಕು ಪಾಲು ತೆಂಪ್ರನಿಯೊಗೆ ಒಂದು ಪಾಲು ಗಾರ್ನಾಚಾ ಸೇರುತ್ತದೆ. ಗಾರ್ನಾಚಾ ಬರುವುದು ಪೂರ್ವಭಾಗದ ಬೆಚ್ಚನೆಯ ತುದೆಲಿಯಾ ಊರಿನ ಕಲ್ಲುನೆಲದ ತೋಟದಿಂದ. ಈ ದ್ರಾಕ್ಷಿಯ ದೆಸೆಯಿಂದ ವೈನಿಗೆ ದುಂಡಗಿನ, ಸಿಹಿಯಲ್ಲದಿದ್ದರೂ ಸಿಹಿಯ ನೆನಪು ತರುವ ಗುಣ ಬಂದಿದೆ. ಪೀಪಾಯಿಗಳು ಅಮೆರಿಕದ ಓಕ್‌ನವು, ತೊಂದೊನಿಯಾದ ಪೀಪಾಯಿಗಳಷ್ಟು ವೃದ್ಧವಲ್ಲ. ಹಾಗಾಗಿ ಮೇಲೆ ಹೇಳಿದ ಒಣಕೊಬ್ಬರಿ, ವೆನಿಲಾ, ಲವಂಗಗಳು ಇದರಲ್ಲಿ ಸ್ಪಷ್ಟ. ಮೊದಲ ಸಲ ಹಳೆಯ ರಿಯೋಹವನ್ನು ಕುಡಿಯುವವರಿಗೆ, ಅದರಲ್ಲೂ ಇದುವರೆಗೆ ಆಸ್ಟ್ರೇಲಿಯದ ಶಿರಾಜ್ ಅಥವಾ ನಮ್ಮ ನಂದಿಬೆಟ್ಟದ ಸುತ್ತಲಿನ ತೋಟಗಳ ಕ್ಯಾಬರ್ನೆ ಕುಡಿದು ರೂಢಿಯಾದವರಿಗೆ, ನಾನು ಹೇಳುವುದು ಅರ್ದಾನ್ಸಾವನ್ನೇ. ಗಾಢ ಬಣ್ಣದ, ಮಂದವಾದ ವೈನಿನಿಂದ ನೇರವಾಗಿ ತೊಂದೊನಿಯಾಗೆ ಬಂದವರು ಅದನ್ನು ನೀರು ನೀರಾಗಿದೆಯೆಂದು ಬದಿಗಿಡುವ ಸಂಭವವಿದೆ; ಅರ್ದಾನ್ಸಾ ಆ ಅಂತರವನ್ನು ದಾಟಿಸುತ್ತದೆ. ಬೆಲೆಯಲ್ಲಿಯೂ ಅದು ಕೈಗೆಟುಕುವಂಥದು, ಹುಡುಕಿದರೆ ಸುಲಭವಾಗಿ ಸಿಗುವಂಥದು.

ಇವೆರಡೂ ಸಿಗದಿದ್ದರೆ ಕೂನೆ ಮನೆಯ ಇಂಪೆರಿಯಾಲ್ ರೆಸೆರ್ವಾ ಒಳ್ಳೆಯ ನಡುದಾರಿ. ಅದರಲ್ಲಿ ಫ್ರೆಂಚ್ ಮತ್ತು ಅಮೆರಿಕನ್ ಮರಗಳೆರಡೂ ಇವೆ, ಕಟ್ಟು ಬಿಗಿಯಾಗಿದೆ. ಅದರ 2004ರ ಗ್ರಾನ್ ರೆಸೆರ್ವಾವನ್ನು ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ 2013ರಲ್ಲಿ ವರ್ಷದ ವೈನ್ ಎಂದು ಆರಿಸಿದ ಮೇಲೆ ಹೆಸರು ಇನ್ನಷ್ಟು ಹರಡಿತು.

ಗ್ರಾನ್ ರೆಸೆರ್ವಾ ಯಾವಾಗ?

ರೆಸೆರ್ವಾದ ರುಚಿ ಹಿಡಿಸಿದ ಮೇಲೆ, ಒಳ್ಳೆಯ ವರ್ಷದ್ದು ಸಿಕ್ಕರೆ. ಲಾ ರಿಯೋಹ ಆಲ್ತಾದ 904 ಮತ್ತು 890, ಮುಗಾದ ಪ್ರಾದೊ ಎನೆಯಾ, ಮುರಿಯೆತಾದ ಕಸ್ತಿಯೊ ಇಗಾಯ್ ಇವು ಈ ದರ್ಜೆಯ ಗಟ್ಟಿ ಹೆಸರುಗಳು. ಎಲ್ಲ ವರ್ಷವೂ ಇವು ತಯಾರಾಗುವುದಿಲ್ಲ. 904, 890 ಎಂಬ ಅಂಕಿಗಳನ್ನು ಕಂಡು ಗಾಬರಿಯಾಗಬೇಕಿಲ್ಲ: 1904 ಮತ್ತು 1890 ಆ ಮನೆಯ ಚರಿತ್ರೆಯ ಇಸವಿಗಳು, ಕೊಯ್ಲಿನ ವರ್ಷವೆಂದು ಜನ ತಪ್ಪು ತಿಳಿಯದಿರಲೆಂದು ಮೊದಲ ಅಂಕಿಯನ್ನು ಬಿಟ್ಟಿದ್ದಾರೆ. 904 ಅಮೆರಿಕದ ಓಕಿನಲ್ಲಿ ನಾಲ್ಕು ವರ್ಷ ಕಳೆದರೂ ಮರದಲ್ಲಿ ಮುಳುಗಿಹೋಗಿರುವುದಿಲ್ಲ, ತಂಬಾಕು, ದಾಲ್ಚಿನ್ನಿ, ಒಣ ಅಂಜೂರಗಳ ವಾಸನೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಬೆಲೆಗೆ ತಕ್ಕ ಗ್ರಾನ್ ರೆಸೆರ್ವಾ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. 890ರ ಬೆಲೆ ಹಲವು ಪಟ್ಟು. ಸಂತೋಷ ಅಷ್ಟು ಪಟ್ಟು ಹೆಚ್ಚುವುದೆಂದು ನನಗನ್ನಿಸಿಲ್ಲ.

ವರ್ಷದ ಮಾತಿಗೆ ಬಂದರೆ, ನಿಯಂತ್ರಣ ಮಂಡಳಿ ಪ್ರತಿ ಕೊಯ್ಲಿಗೂ ಶ್ರೇಯಾಂಕ ಕೊಡುತ್ತದೆ. 1964, 1982, 1994, 1995, 2001, 2004, 2005, 2010, 2011 ಇವು ಅತ್ಯುತ್ತಮವೆಂದು ಘೋಷಿತವಾದ ವರ್ಷಗಳಲ್ಲಿ ಸೇರಿವೆ. ಗ್ರಾನ್ ರೆಸೆರ್ವಾಕ್ಕೆ ಹಣ ಹಾಕುವವರು ಇದನ್ನು ನೋಡಲೇಬೇಕು. ಆದರೆ ರೆಸೆರ್ವಾ ಕೊಳ್ಳುವವರು ಇದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಕಿಲ್ಲ, ಏಕೆಂದರೆ ಹಳೆಯ ಮನೆಗಳು ಬೇರೆಬೇರೆ ತೋಟ ಮತ್ತು ತಳಿಗಳನ್ನು ಬೆರೆಸಿ ವರ್ಷವರ್ಷದ ಏರಿಳಿತವನ್ನು ಸರಿದೂಗಿಸುವುದರಲ್ಲಿ ಪಳಗಿವೆ.

ರಿಬೇರಾ ದೆಲ್ ದುಯೆರೊ ಪ್ರದೇಶದ ವೈನುಗಳನ್ನೂ ಇದೇ ಸಾಲಿನಲ್ಲಿ ಇಟ್ಟು ಮಾರುವುದುಂಟು. ಅಲ್ಲಿಯೂ ತೆಂಪ್ರನಿಯೊವೇ, ತಿಂತೊ ಫೀನೊ ಎಂಬ ಹೆಸರಿನಲ್ಲಿ. ಅಲ್ಲಿಯೂ ಅದೇ ಮೂರು ದರ್ಜೆಗಳು. ಆದರೆ ಸಮುದ್ರಮಟ್ಟದಿಂದ 700ರಿಂದ 900 ಮೀಟರಿಗೂ ಹೆಚ್ಚಿನ ಎತ್ತರದ, ಸುಡುಹಗಲು ಮತ್ತು ಕೊರೆಯುವ ಇರುಳುಗಳ ಆ ಪ್ರಸ್ಥಭೂಮಿಯ ದ್ರಾಕ್ಷಿಯ ಸಿಪ್ಪೆ ದಪ್ಪ, ಬಣ್ಣ ಕಪ್ಪು, ಒಗರು ಜೋರು. 1864ರಲ್ಲಿ ಸ್ಥಾಪಿತವಾದ ವೇಗಾ ಸಿಸಿಲಿಯಾದ ಊನಿಕೊ ಎಂಬ ವೈನು ಹತ್ತು ವರ್ಷದಷ್ಟು ಮಾಗಿದ ಮೇಲೆಯೇ ಹೊರಬರುವ, ಹಳೆಯ ಸ್ಪೇನಿನ ಕಿರೀಟವೆಂದೇ ಹೇಳಬಹುದಾದ ವೈನು. ಅದರ ಬೆಲೆಯ ಕಾರಣದಿಂದ ಇಲ್ಲಿ ಹೆಸರಿಸಿ ಮುಂದೆ ಹೋಗುವುದೇ ಸರಿ. ಮಾಂಸದ ಸುಟ್ಟಡುಗೆಗೆ ಗಟ್ಟಿಯಾದ ವೈನೇ ಬೇಕೆನ್ನುವವರು ರಿಬೇರಾವನ್ನು ಆರಿಸಲಿ. ಮಾಗುವಿಕೆಯ ರುಚಿಗಾಗಿ ಬಂದವರಿಗೆ ಅದು ಎರಡನೆಯ ಮಾತು.

ವಿದೇಶದಿಂದ ವಿಮಾನದಲ್ಲಿ ಮರಳುವವರು ಸುಂಕವಿಲ್ಲದೆ ಎರಡು ಲೀಟರ್ ಮದ್ಯವನ್ನು ತರಬಹುದಾದ್ದರಿಂದ, 750 ಮಿಲಿಲೀಟರಿನ ಎರಡು ಬಾಟಲಿಗಳಿಗೆ ಅವಕಾಶವಿದೆ. ಒಂದೇ ಮನೆಯ ರೆಸೆರ್ವಾ ಮತ್ತು ಗ್ರಾನ್ ರೆಸೆರ್ವಾವನ್ನು ಜೋಡಿಯಾಗಿ ತರುವುದಕ್ಕಿಂತ, ಅರ್ದಾನ್ಸಾ ಒಂದು, ತೊಂದೊನಿಯಾ ಅಥವಾ ಬೊಸ್ಕೊನಿಯಾ ಒಂದು ತಂದು ಒಂದೇ ಸಂಜೆ ಅಕ್ಕಪಕ್ಕದಲ್ಲಿಟ್ಟು ರುಚಿ ನೋಡುವುದು ಉತ್ತಮ. ಕಡಿಮೆ ವಯಸ್ಸಿನ ಮರ ಏನು ಮಾಡುತ್ತದೆ, ತೀರ ಹಳೆಯ ಮರ ಏನು ಮಾಡುತ್ತದೆ ಎಂಬುದು ಆಗ ನಾಲಿಗೆಗೇ ತಿಳಿಯುತ್ತದೆ.

ಲೋಟದಲ್ಲಿ

ಪ್ರಯಾಣ ಮಾಡಿದ ಬಾಟಲಿಗೆ ಒಂದೆರಡು ವಾರ ವಿಶ್ರಾಂತಿ ಕೊಟ್ಟು, ತೆರೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಬೇಕು. ಹಳೆಯ ವೈನಿನಲ್ಲಿ ಬಣ್ಣದ ಗಸಿ ಇರುವುದು ಸಹಜ, ಅದು ತಳಕ್ಕಿಳಿಯಲಿ. ಕುಡಿಯುವ ಹೊತ್ತಿಗೆ ವೈನು 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಕೋಣೆಯ ಉಷ್ಣತೆ ಸಾಕೆಂಬ ಯುರೋಪಿನ ಸಲಹೆ ನಮ್ಮ ಕೋಣೆಗಳಿಗೆ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಅರ್ಧ ಗಂಟೆ, ಮಂಗಳೂರು ಅಥವಾ ಕಲಬುರಗಿಯ ಬೇಸಗೆಯಲ್ಲಿ ಒಂದು ಗಂಟೆ ಫ್ರಿಜ್ಜಿನಲ್ಲಿಡುವುದು ಅಗತ್ಯ. ಬೆಚ್ಚಗಾದ ರಿಯೋಹದಲ್ಲಿ ಮದ್ಯಸಾರ ಮುಂದೆ ಬಂದು, ಸೂಕ್ಷ್ಮವಾದ ವಾಸನೆಗಳೆಲ್ಲ ಹಿಂದೆ ಸರಿಯುತ್ತವೆ. ಹತ್ತು ವರ್ಷ ದಾಟಿದ ಬಿರಡೆ ಮೆತ್ತಗಾಗಿ ಮುರಿಯಬಹುದಾದ್ದರಿಂದ, ತಿರುಪಿನ ಬದಲು ಎರಡು ತೆಳು ಅಲಗುಗಳ ಬಿರಡೆಗೀಳು ಇದ್ದರೆ ಒಳ್ಳೆಯದು.

ಲೋಟವನ್ನು ಬಿಳಿಯ ಹಾಳೆಯ ಮೇಲೆ ಓರೆಯಾಗಿ ಹಿಡಿದು ಅಂಚನ್ನು ನೋಡಬೇಕು. ಕ್ರಿಯಾನ್ಸಾದ ಅಂಚು ಇನ್ನೂ ಕೆನ್ನೇರಳೆ. ರೆಸೆರ್ವಾದ್ದು ದಾಳಿಂಬೆಯ ಕೆಂಪು. ಗ್ರಾನ್ ರೆಸೆರ್ವಾದ್ದು ಇಟ್ಟಿಗೆ ಅಥವಾ ಕಿತ್ತಳೆ ಬೆರೆತ ಕಂದು. ಮೂಗಿನ ಕೆಲಸದಲ್ಲಿ ಅವಸರ ಕೂಡದು: ಮೊದಲ ಉಸಿರಿಗೆ ಮರ ಕಾಣುತ್ತದೆ, ಹತ್ತು ನಿಮಿಷದ ಅನಂತರ ಹಣ್ಣು, ಅರ್ಧ ಗಂಟೆಯ ಮೇಲೆ ಚರ್ಮ ಮತ್ತು ಎಲೆಯ ವಾಸನೆ. ಬಾಯಲ್ಲಿ ಇದು ಸಂಪೂರ್ಣವಾಗಿ ಸಿಹಿಯಿಲ್ಲದ ವೈನೆಂಬುದನ್ನು ನೆನಪಿಡಬೇಕು. ಒಗರು ಒಸಡಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ನುಂಗಿದ ಮೇಲೆ ಹುಳಿ ಬಾಯಲ್ಲಿ ನೀರೂರಿಸುತ್ತದೆಯೇ, ರುಚಿ ಎಷ್ಟು ದೂರ ಉಳಿಯುತ್ತದೆ ಎಂಬ ಮೂರನ್ನು ಗಮನಿಸಿದರೆ ಎರಡು ಬಾಟಲಿಗಳ ಅಂತರ ಗೊತ್ತಾಗುತ್ತದೆ. ಒದ್ದೆಯಾದ ರಟ್ಟಿನ ವಾಸನೆ ಬಂದರೆ ಅದು ಹಳೆತನವಲ್ಲ, ಕೆಟ್ಟ ಬಿರಡೆಯ ದೋಷ, ಕಾದು ಪ್ರಯೋಜನವಿಲ್ಲ. ತರಗೆಲೆ, ಅಣಬೆಯ ವಾಸನೆ ಮಾತ್ರ ದೋಷವಲ್ಲ, ಅದಕ್ಕಾಗಿಯೇ ಅಷ್ಟು ಹಣ ಕೊಟ್ಟಿರುವುದು.

ರಿಯೋಹದಲ್ಲಿ ಇದನ್ನು ದ್ರಾಕ್ಷಿಬಳ್ಳಿಯ ಒಣಕಡ್ಡಿಗಳ ಕೆಂಡದ ಮೇಲೆ ಸುಟ್ಟ ಎಳೆ ಕುರಿಮರಿಯ ಪಕ್ಕೆಲುಬಿನೊಂದಿಗೆ ಕುಡಿಯುತ್ತಾರೆ. ಮಾಂಸಕ್ಕೆ ಉಪ್ಪಿನ ಹೊರತು ಬೇರೆ ಮಸಾಲೆಯಿಲ್ಲ. ನಮ್ಮ ಅಡುಗೆಯಲ್ಲಿ ಜೋಡಿ ಹುಡುಕುವವರು ಖಾರದಿಂದ ದೂರವಿರಬೇಕು. ಕಾಚಂಪುಳಿ ಹಾಕಿದ ಪಂದಿಕರಿ, ಬ್ಯಾಡಗಿ ಮೆಣಸಿನ ಸುಕ್ಕ ಇವುಗಳ ಮುಂದೆ ಹತ್ತು ವರ್ಷದ ಮಾಗುವಿಕೆ ಒಂದು ತುತ್ತಿಗೇ ಮಾಯವಾಗುತ್ತದೆ. ಅವುಗಳಿಗೆ ತಣ್ಣಗಿನ ಬಿಯರೇ ಸರಿ. ಉಪ್ಪು, ಕಾಳುಮೆಣಸು ಮಾತ್ರ ಹಾಕಿ ಬೇಯಿಸಿದ ಮಟನ್, ತುಪ್ಪದಲ್ಲಿ ಬಾಡಿಸಿದ ಅಣಬೆ, ಗಟ್ಟಿ ಚೀಸ್ ಇಷ್ಟಿದ್ದರೆ ಸಾಕು. ಅರ್ದಾನ್ಸಾ ತುಸು ಮಸಾಲೆಯನ್ನು ತಡೆದುಕೊಳ್ಳುತ್ತದೆ, ತೊಂದೊನಿಯಾ ತಡೆದುಕೊಳ್ಳುವುದಿಲ್ಲ. ಬಾಟಲಿ ಮುಗಿಯದೆ ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಬಹುದು. ಬಹುಕಾಲ ಗಾಳಿಯೊಡನೆ ಬಾಳಿದ ವೈನಾದ್ದರಿಂದ ತೊಂದೊನಿಯಾ ಮರುದಿನವೂ ಚೆನ್ನಾಗಿಯೇ ಇರುತ್ತದೆ, ತೀರ ಹಳೆಯ ಗ್ರಾನ್ ರೆಸೆರ್ವಾವನ್ನು ಮಾತ್ರ ತೆರೆದ ಸಂಜೆಯೇ ಮುಗಿಸಬೇಕು.